ಕಲ್ಲು ನೋಡಲು ಅಷ್ಟು ದೂರವೇ?

ಭೂವಿಜ್ಞಾನ ಓದುವ ಮಗಳು ತರಗತಿಯ ಜೊತೆ ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆಂದರೆ, ಕಲ್ಲು ನೋಡಲು ಅಷ್ಟು ದೂರವೇಕೆ ಎನ್ನುವ ತಾಯಂದಿರಿದ್ದಾರೆ.

ಸಹೋದರಿಯರೇ, ಅಲ್ಲಿಯ ಕಲ್ಲುಕಂಬಗಳು ಯಾರೂ ಕಡೆದವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ ತಣಿದು ಕುಗ್ಗಿತು. ಒಣಗಿದ ಕೆರೆಯ ಕೆಸರಿನಂತೆ ಬಿರುಕುಬಿಟ್ಟು ಐದಾರು ಮುಖಗಳ ಕಂಬಗಳಾಯಿತು. ಚಿತ್ರವನ್ನು ಪುಸ್ತಕದಲ್ಲೂ ನೋಡಬಹುದು. ಆದರೆ ಮುಖಗಳನ್ನು ಮುಟ್ಟಿ ಎಣಿಸಲು, ಕಂಬದ ವಾಲಿಕೆ ಅಳೆಯಲು ಅಲ್ಲಿಗೇ ಹೋಗಬೇಕು. ಮನೆಯಲ್ಲುಳಿದ ಹುಡುಗಿ ಗೆಳತಿಯ ವರದಿಯನ್ನು ನಕಲು ಮಾಡುತ್ತಾಳೆ, ಅಷ್ಟೇ.

ಸೂರಃ ಫಾತಿರ್‌ನಲ್ಲಿ (35:27-28) ಬೆಟ್ಟಗಳ ಬಿಳಿ, ಕೆಂಪು, ಕಡುಗಪ್ಪು ಪಟ್ಟೆಗಳ ಪ್ರಸ್ತಾಪದ ಬೆನ್ನಿಗೇ ಅರಿವುಳ್ಳವರ ದೇವಭಯದ ಮಾತು ಬರುತ್ತದೆ.

ತಾಯಿಯ ಆತಂಕವೂ ಸುಳ್ಳಲ್ಲ. ಉಪನ್ಯಾಸಕಿ ಜೊತೆಗಿರುತ್ತಾರೆಯೇ, ದೋಣಿಯಲ್ಲಿ ಲೈಫ್ ಜಾಕೆಟ್ ಇದೆಯೇ, ನಮಾಝ್‌ಗೆ ಬಿಡುವಿದೆಯೇ ಎಂದು ಕಾಲೇಜಿಗೇ ಹೋಗಿ ಕೇಳಿ. ಉತ್ತರ ಸಮಾಧಾನ ತಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. (ಮಗನ ಪ್ರವಾಸಕ್ಕೆ ಇಷ್ಟೆಲ್ಲ ಕೇಳಿದ್ದೆವೇ?) ಹಿಡಿತವಿರುವ ಶೂ ಕೊಡಿಸಿ, ಪಾಚಿಗಲ್ಲು ಜಾರುತ್ತದೆ. ಸುತ್ತಿಗೆ ಮಾತ್ರ ಬೇಡ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಕಲ್ಲು ಒಡೆಯಬಾರದು.