ವಿಹಾರವೆಂದರೆ ಊಟವೊಂದೇ?

ನಮ್ಮ ಸಂಘದ ವಾರ್ಷಿಕ ವಿಹಾರ ಸದಸ್ಯರಿಗೆಲ್ಲ ಬಾಯಿಪಾಠ: ಬಸ್ಸಿನಲ್ಲಿ ಇಡ್ಲಿ, ತೋಟದ ಮನೆಯಲ್ಲಿ ಊಟ, ಮಧ್ಯಾಹ್ನ ಹೌಸಿ, ಸಂಜೆ ಚಹಾ. ಇಷ್ಟಕ್ಕೆ ಮುಂಬಯಿ ದಾಟಬೇಕೇ? ಸಂಘದ ಸಭಾಗೃಹ ಸಾಲದೇ?

ಈ ಸಲ ಕಳಸೂಬಾಯಿ ಶಿಖರ ಹತ್ತೋಣವೆಂದು ಸಭೆಯಲ್ಲಿ ಸೂಚಿಸಿದೆ. "ನಮ್ಮ ಗುಡ್ಡ ಊರಲ್ಲಿವೆ, ಇಲ್ಲಿಯವು ನಮಗೇಕೆ?" ಎಂದರು ಹಿರಿಯರೊಬ್ಬರು. ಈ ಮಾತಿಗೇ ನನ್ನ ತಕರಾರು. 1,646 ಮೀಟರಿನ ಕಳಸೂಬಾಯಿ ಮಹಾರಾಷ್ಟ್ರದ ಅತ್ಯುನ್ನತ ಶಿಖರ. ಕರ್ನಾಟಕಕ್ಕೆ ಆ ಹಿರಿಮೆ ಮುಳ್ಳಯ್ಯನಗಿರಿಯದು. ಎರಡೂ ಸಹ್ಯಾದ್ರಿಯ ಮಕ್ಕಳೇ. ದಶಕಗಳಿಂದ ಇಲ್ಲಿಯ ಅನ್ನ ಉಂಡು, ಇಲ್ಲಿಯ ಬೆಟ್ಟ ಮಾತ್ರ ಪರರದು ಎನ್ನುವುದು ಯಾವ ನ್ಯಾಯ?

ಇನ್ನೊಂದು ಆಕ್ಷೇಪ, ಅಪಾಯದ್ದು. ಬಾರಿ ಗ್ರಾಮದಿಂದ ಕಾಲುದಾರಿಯಿದೆ. ಕಡಿದಾದ ಕಡೆ ಕಬ್ಬಿಣದ ಏಣಿಗಳಿವೆ. ತುದಿಯಲ್ಲಿ ದೇವಿಯ ಪುಟ್ಟ ಗುಡಿಯಿದೆ. ಮಳೆಗಾಲದಲ್ಲಿ ಬಂಡೆ ಜಾರುವುದು ನಿಜ, ಡಿಸೆಂಬರಿನಲ್ಲಿ ಹೊರಡೋಣ. ಮೊಣಕಾಲು ನೋವಿನವರು ಭಂಡಾರದರಾ ಜಲಾಶಯದ ದಂಡೆಯಲ್ಲಿ ವಿಶ್ರಮಿಸಲಿ.

ಕನ್ನಡ ಉಳಿಸಿರೆಂದು ರಾಜ್ಯೋತ್ಸವದಲ್ಲಿ ನಾವು ಗುಡುಗುತ್ತೇವೆ. ಮಕ್ಕಳು ಹಿಂದಿನ ಸಾಲಿನಲ್ಲಿ ಆಕಳಿಸುತ್ತಾರೆ. ಕಳೆದ ವರ್ಷ ನಾನೂ ಮಗಳೂ ಕಳಸೂಬಾಯಿ ಹತ್ತಿದೆವು. ಮನೆಯಲ್ಲಿ ಏನು ಕೇಳಿದರೂ ಮರಾಠಿಯಲ್ಲೇ ಉತ್ತರಿಸುವವಳು ಏಣಿಯ ನಡುವೆ ನಿಂತು "ಅಪ್ಪಾ, ಕೈ ಕೊಡು" ಎಂದಳು. ಇಳಿಯುವವರೆಗೂ ಮಾತು ಕನ್ನಡದಲ್ಲೇ ನಡೆಯಿತು. ಯಾವ ಭಾಷಣ ಇಷ್ಟು ಮಾಡೀತು?

ಕಾರ್ಯಕಾರಿ ಸಮಿತಿಯವರೇ, ಹೌಸಿಯ ಚೀಟಿ ಈ ವರ್ಷ ಪೆಟ್ಟಿಗೆಯಲ್ಲೇ ಇರಲಿ. ಗಟ್ಟಿ ಚಪ್ಪಲಿ, ನೀರು, ಬುತ್ತಿ ಕಟ್ಟಿಕೊಂಡು ಹೊರಡೋಣ.