ದೋಣಿಯಿಂದ ಇಳಿಯುವ ಹೊತ್ತು

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಮನಶ್ಚಿಕಿತ್ಸೆಗೆ ಹೋಗಿಬರುವವರ ಮನೆಯಲ್ಲಿಯೂ ಇದೇ ಧಾಟಿಯ ಮಾತು ಕೇಳಿಬರುವುದುಂಟು: “ಈಗ ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ, ಇನ್ನೇಕೆ ಬಸ್ಸಿನ ಖರ್ಚು?” ಮಾತಿನ ಮೂಲಕ ನಡೆಯುವ ಈ ಚಿಕಿತ್ಸೆಯನ್ನು ಹೀಗೆ ಥಟ್ಟನೆ ಕಡಿದುಬಿಡುವುದು ತರವಲ್ಲ. ದಡ ಮುಟ್ಟಿದ ಮೇಲೂ ದೋಣಿಯಲ್ಲಿಯೇ ಕುಳಿತಿರುವುದೂ ತರವಲ್ಲ.

ಪ್ರಶ್ನೆ ಹಳೆಯದು. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡರ ಬಳಿಗೆ 1910ರಲ್ಲಿ ರಷ್ಯದ ಸಿರಿವಂತ ತರುಣನೊಬ್ಬನು ಬಂದನು. ವರ್ಷಗಳುರುಳಿದರೂ ಚಿಕಿತ್ಸೆ ಮುಂದೆ ಸಾಗದಿರಲು, ಫ್ರಾಯ್ಡರು ಮುಕ್ತಾಯಕ್ಕೆ ಗಡುವನ್ನು ಗೊತ್ತುಮಾಡಿದರು. ಆಗ ಅವನು ಮನಬಿಚ್ಚಿದನು. 1914ರಲ್ಲಿ ಚಿಕಿತ್ಸೆ ಮುಗಿಯಿತು. ಆದರೆ 1919ರಲ್ಲಿ ಫ್ರಾಯ್ಡರಲ್ಲಿಗೂ, 1926ರಲ್ಲಿ ಅವರ ಶಿಷ್ಯೆಯಲ್ಲಿಗೂ ಅವನು ಮತ್ತೆ ಹೋಗಬೇಕಾಯಿತು. ಗಡುವು ಫಲಕಾರಿಯಾದರೂ ಅದರಿಂದ ಕಾರ್ಯ ಪೂರ್ಣವಾದೀತೆಂಬ ಭರವಸೆಯಿಲ್ಲವೆಂದು ಫ್ರಾಯ್ಡರೇ 1937ರ ಪ್ರಬಂಧದಲ್ಲಿ ಒಪ್ಪಿಕೊಂಡರು.

ಹಾಗಾದರೆ ಮುಗಿಸುವುದೆಂದು? ದುಃಖವೇ ಬಾರದ ದಿನವನ್ನು ಕಾಯಬೇಕಾಗಿಲ್ಲ. ದುಃಖ ಬಂದಾಗ ಅದನ್ನು ಗುರುತಿಸಿ, ತಾನೇ ಸಂಭಾಳಿಸಿಕೊಂಡು, ಮನೆಗೆಲಸ, ದುಡಿಮೆ, ನಂಟುಗಳನ್ನು ನಡೆಸಿಕೊಂಡು ಹೋಗುವ ಶಕ್ತಿ ಮೂಡಿದ್ದರೆ ಕಾಲ ಕೂಡಿಬಂದಿದೆಯೆಂದು ತಿಳಿಯಬಹುದು. ಅದನ್ನು ಚಿಕಿತ್ಸಕರಿಗೆ ಮುಂಚಿತವಾಗಿ ಹೇಳಬೇಕು. ವಾರಕ್ಕೊಮ್ಮೆಯ ಭೇಟಿಯನ್ನು ಹದಿನೈದು ದಿನಕ್ಕೆ, ಅನಂತರ ತಿಂಗಳಿಗೆ ಅಂತರಗೊಳಿಸಬಹುದು. ಕಲಿತುದೇನು, ಕಾಯಿಲೆ ಮರುಕಳಿಸುವ ಮುನ್ಸೂಚನೆಗಳೇನು ಎಂಬುದನ್ನು ಇಬ್ಬರೂ ಕೂಡಿ ಬರೆದಿಡುವುದು ಒಳ್ಳೆಯದು. ಚಿಕಿತ್ಸೆ ಹಿಡಿಸದಿದ್ದರೂ ಸುಮ್ಮನೆ ತಪ್ಪಿಸಿಕೊಳ್ಳದೆ, ಹಾಗೆಂದು ಹೇಳಿಯೇ ಬಿಡುವುದು ಲೇಸು. ಮಾತ್ರೆಗಳ ವಿಷಯ ಬೇರೆ. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಲೇಬಾರದು.

ಬೀಳ್ಕೊಡುವಾಗ ಅಳು ಬರಬಹುದು, ಸಿಟ್ಟೂ ಬರಬಹುದು. ಅಗಲಿದ ಹಿರಿಯರ ನೆನಪು ಮರುಕಳಿಸಬಹುದು. ಹೊರಗೆಲ್ಲ ಪರಭಾಷೆಯಲ್ಲಿ ವ್ಯವಹರಿಸುವ ನಮ್ಮವರಿಗೆ, ಮನೆಯಾಚೆ ತಾಯ್ನುಡಿಯಲ್ಲಿ ಅಳಲು ತೋಡಿಕೊಳ್ಳಲು ದೊರೆತವರು ಚಿಕಿತ್ಸಕರೊಬ್ಬರೇ ಆಗಿರಬಹುದು. ಆ ನೋವನ್ನು ಅವರೆದುರಿಗೇ ಆಡಿ ಮುಗಿಸಿದರೆ, ಅಗಲಿಕೆಯೂ ಚಿಕಿತ್ಸೆಯ ಅಂಗವಾಗುತ್ತದೆ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮುಂದೆಂದಾದರೂ ಸೊಸೆಯೋ ಮಗನೋ “ಮತ್ತೊಮ್ಮೆ ಹೋಗಿಬರುತ್ತೇನೆ” ಎಂದರೆ, “ಅಷ್ಟು ಖರ್ಚು ಮಾಡಿದ್ದು ವ್ಯರ್ಥವಾಯಿತೇ?” ಎನ್ನಬೇಡಿರಿ. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕುಸಿದರೆ 14416ಕ್ಕೆ ಕರೆಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡವೂ ಉಂಟು. ಹೊಳೆ ಮತ್ತೆ ತುಂಬಿದಾಗ ಅಂಬಿಗನನ್ನು ಕೂಗಿ ಕರೆಯುವುದು ಸೋಲಲ್ಲ. ಹೊಳೆಯ ಬಲವನ್ನು ಅರಿತವರ ವಿವೇಕ.