ನಮ್ಮೂರಿಗೆ ನಾವೇ ಪ್ರವಾಸಿಗರಾಗೋಣ

ಪ್ರತಿ ವರ್ಷ ಮಾರ್ಚ್ 31ರಂದು ನಮ್ಮ ವರ್ತಕ ಬಾಂಧವರು ತಪ್ಪದೆ ಮಾಡುವ ಕೆಲಸವೊಂದಿದೆ. ಅದು ದಾಸ್ತಾನು ಪರಿಶೀಲನೆ. ಗೋದಾಮಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಚೀಲದಿಂದ ಹಿಡಿದು ಅಂಗಡಿಯ ಕಪಾಟಿನ ಕೊನೆಯ ಡಬ್ಬಿಯವರೆಗೆ ಎಲ್ಲವನ್ನೂ ಎಣಿಸಿ, ಬೆಲೆ ಕಟ್ಟಿ, ಪಟ್ಟಿ ಮಾಡಿ ಲೆಕ್ಕಪರಿಶೋಧಕರ ಮುಂದಿಡುತ್ತಾರೆ. ಎಣಿಸದ ಸರಕಿಗೆ ಬೆಲೆಯಿಲ್ಲ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದರೆ ನಮ್ಮ ಅಂಗಡಿ, ಮಂಡಿ, ಕಾರ್ಖಾನೆಗಳೆಲ್ಲವೂ ಯಾವ ಊರನ್ನು ನಂಬಿಕೊಂಡು ನಡೆಯುತ್ತಿವೆಯೋ ಆ ಊರಿನ ದಾಸ್ತಾನನ್ನು ನಾವು ಎಂದಾದರೂ ಎಣಿಸಿದ್ದೇವೆಯೇ?

ಶಿವಮೊಗ್ಗದ ಕಡೆಗೆ ಹೊರಟ ಪ್ರಯಾಣಿಕರೊಬ್ಬರು ಹೊಳಲ್ಕೆರೆಯಲ್ಲಿ ಗಾಡಿ ನಿಲ್ಲಿಸಿ, "ಇಲ್ಲಿ ನೋಡುವಂಥದ್ದು ಏನಿದೆ?" ಎಂದು ವಿಚಾರಿಸಿದರೆ ನಮ್ಮಲ್ಲಿ ಬಹುಮಂದಿಯ ಉತ್ತರ ಒಂದೇ: "ಗಣಪತಿ ದೇವಸ್ಥಾನ ಇದೆ, ಬೇರೇನೂ ಇಲ್ಲ. ದುರ್ಗಕ್ಕೆ ಹೋಗಿ, ಕೋಟೆ ನೋಡಿ." ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳುಹಿಸುವ ವ್ಯಾಪಾರಿಯನ್ನು ನಾವು ಜಾಣನೆಂದು ಕರೆಯುವುದಿಲ್ಲ. ಊರಿನ ವಿಷಯದಲ್ಲಿ ಮಾತ್ರ ಇದನ್ನೇ ವಿನಯವೆಂದು ಭಾವಿಸಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೊರಗಿನ ಪ್ರವಾಸದ ಲೆಕ್ಕ

ನಮ್ಮ ವರ್ತಕರು ಪ್ರವಾಸ ಮಾಡದವರೇನಲ್ಲ. ಬೇಸಿಗೆ ರಜೆಯಲ್ಲಿ ಊಟಿ, ಕೊಡೈಕೆನಾಲ್. ಕಾರ್ತಿಕದಲ್ಲಿ ಧರ್ಮಸ್ಥಳ, ತಿರುಪತಿ. ಮಾರಾಟದ ಗುರಿ ಮುಟ್ಟಿದವರಿಗೆ ಸಿಮೆಂಟ್, ಬಣ್ಣ, ಗೊಬ್ಬರದ ಕಂಪನಿಗಳ ವತಿಯಿಂದ ಬ್ಯಾಂಕಾಕ್, ದುಬೈ. ಇವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಉಚಿತವೆಂದು ನಾವು ತಿಳಿಯುವ ಈ ಡೀಲರ್ ಪ್ರವಾಸಗಳು ನಿಜಕ್ಕೂ ಉಚಿತವಲ್ಲ. ಆದಾಯ ತೆರಿಗೆ ಕಾಯ್ದೆಗೆ ಸೇರಿಸಲಾದ 194ಆರ್ ಕಲಮಿನ ಮೂಲಕ, ವ್ಯಾಪಾರದ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿ ನೀಡುವ ಇಂತಹ ಸೌಲಭ್ಯದ ಮೌಲ್ಯಕ್ಕೆ ಮೂಲದಲ್ಲೇ ಶೇಕಡಾ 10ರಷ್ಟು ತೆರಿಗೆ ಕಡಿತ ಮಾಡುವ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಪ್ರವಾಸದ ಮೌಲ್ಯವು ವರ್ತಕರ ಆದಾಯಕ್ಕೆ ಸೇರುತ್ತದೆ. ಹೀಗೆ ತೆರಿಗೆ ತೆತ್ತು ಪರದೇಶದ ಪೇಟೆಯನ್ನು ನೋಡಿ ಬರುವ ನಾವು, ನಯಾಪೈಸೆ ಖರ್ಚಿಲ್ಲದೆ ನೋಡಬಹುದಾದ ಸ್ವಂತ ತಾಲ್ಲೂಕನ್ನು ನೋಡಿರುವುದಿಲ್ಲ.

2019ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಮಂತ್ರಿಗಳು, 2022ರೊಳಗೆ ದೇಶದೊಳಗಿನ ಕನಿಷ್ಠ 15 ಸ್ಥಳಗಳಿಗೆ ಭೇಟಿ ನೀಡಬೇಕೆಂದು ಕುಟುಂಬಗಳಿಗೆ ಕರೆ ನೀಡಿದ್ದರು. ಆ 15ರ ಪಟ್ಟಿಯನ್ನು ಮನೆಬಾಗಿಲಿನಿಂದಲೇ ಆರಂಭಿಸಬಹುದೆಂದು ನಮಗೆ ಹೊಳೆಯಲಿಲ್ಲ.

ನಮ್ಮಲ್ಲಿ ಇರುವುದೇನು?

ಹೆಸರಿನಿಂದಲೇ ಪ್ರಾರಂಭಿಸೋಣ. 'ಹೊಳಲು' ಎಂದರೆ ಹಳಗನ್ನಡದಲ್ಲಿ ಪಟ್ಟಣವೆಂದು ಅರ್ಥ. ಪಟ್ಟಣ ಮತ್ತು ಕೆರೆ, ಅಂದರೆ ಪೇಟೆ ಮತ್ತು ನೀರು, ಎರಡೂ ಸೇರಿ ನಮ್ಮ ಊರಿನ ಹೆಸರಾಗಿದೆ. ಬಯಲು ಗಣಪತಿ ಎಂದೇ ಪ್ರಸಿದ್ಧನಾದ ನಮ್ಮ ಪ್ರಸನ್ನ ಗಣಪತಿಯನ್ನು 1475ರಲ್ಲಿ ಗುಲ್ಯಪ್ಪ ನಾಯಕ ಪ್ರತಿಷ್ಠಾಪಿಸಿದನೆಂದು ಹೇಳಲಾಗುತ್ತದೆ. ಆ ಲೆಕ್ಕದಂತೆ ಐದೂವರೆ ಶತಮಾನಗಳ ಕಾಲ ಈ ಬೃಹತ್ ಮೂರ್ತಿ ನಮ್ಮೂರಿನಲ್ಲಿ ಪೂಜೆಗೊಳ್ಳುತ್ತಾ ಬಂದಿದೆ. ನಿತ್ಯವೂ ಕೈಮುಗಿದು ಅಂಗಡಿಯ ಬಾಗಿಲು ತೆರೆಯುವ ನಮ್ಮಲ್ಲಿ ಈ ಇಸವಿಯನ್ನು ಬಲ್ಲವರೆಷ್ಟು ಮಂದಿ?

ತಾಲ್ಲೂಕಿನೊಳಗೆ ಸ್ವಲ್ಪ ಸುತ್ತಾಡಿದರೆ ರಾಮಗಿರಿಯ ಬೆಟ್ಟದ ಮೇಲೆ ಕರಿಸಿದ್ದೇಶ್ವರನ ಸನ್ನಿಧಿಯಿದೆ. ಹೊರಕೆರೆ ದೇವರಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯವಿದೆ. ಇವೆರಡೂ ಭಕ್ತರಿಗೆ ತಿಳಿದಿರುವ ಸ್ಥಳಗಳೇ. ಆದರೆ ಮಲ್ಲಾಡಿಹಳ್ಳಿಯ ಬಗ್ಗೆ ವಿಶೇಷವಾಗಿ ಹೇಳಬೇಕು. 2015ರಿಂದ ಪ್ರತಿ ಜೂನ್ 21ರಂದು ಜಗತ್ತೇ ಯೋಗ ದಿನವನ್ನು ಆಚರಿಸುತ್ತಿದೆ. ಅದಕ್ಕೂ ಅನೇಕ ದಶಕಗಳ ಮೊದಲೇ ನಮ್ಮ ತಾಲ್ಲೂಕಿನ ಈ ಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, ಯೋಗ, ವ್ಯಾಯಾಮ, ಆಯುರ್ವೇದಗಳನ್ನು ಸಾಮಾನ್ಯ ಜನರಿಗೆ ಕಲಿಸಿದವರು ಶ್ರೀ ರಾಘವೇಂದ್ರ ಸ್ವಾಮೀಜಿ. 'ತಿರುಕ' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಸಂಸ್ಥೆಯನ್ನು ಬೆಳೆಸಿದರು, 1996ರಲ್ಲಿ ಕಾಲವಾದರು. ಹೃಷಿಕೇಶಕ್ಕೆ ಹೋಗಿ ಯೋಗ ಶಿಬಿರಕ್ಕೆ ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ನಮ್ಮ ಯುವಕರು ಮಲ್ಲಾಡಿಹಳ್ಳಿಯನ್ನು ಬಸ್ಸಿನ ಫಲಕದಲ್ಲಿ ಮಾತ್ರ ಓದಿದ್ದಾರೆ.

ವ್ಯಾಪಾರದ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ನಮ್ಮ ಜಿಲ್ಲೆಯೇ ಒಂದು ಪಾಠಶಾಲೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ವಿದೇಶಿ ನಾಣ್ಯ ಈ ನೆಲಕ್ಕೆ ಬಂದಿತ್ತೆಂದರೆ, ರಫ್ತು ವ್ಯಾಪಾರ ನಮಗೆ ಹೊಸದೆಂದು ಹೇಳುವುದು ಹೇಗೆ?

ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಥೆ ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕಾದದ್ದು. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಗಾಜಿನ ಬಳೆ ತಯಾರಿಕೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ನಮ್ಮ ನೆರೆಯ ಉದ್ಯಮವೊಂದರ ವಿವರ ತಿಳಿಯಲು ಹೊರಗಿನಿಂದ ಬಂದವನ ಪುಸ್ತಕವನ್ನು ತೆರೆಯಬೇಕಾಗಿದೆ. ಆತ ಪರಕೀಯನಾದ್ದರಿಂದಲೇ ಪ್ರತಿಯೊಂದನ್ನೂ ನಿಂತು ನೋಡಿದ, ಕೇಳಿದ, ಬರೆದುಕೊಂಡ. ಸ್ವಂತ ಊರಿನಲ್ಲಿ ಪ್ರವಾಸಿಗನಾಗುವುದೆಂದರೆ ಇಷ್ಟೇ: ಸ್ವಲ್ಪ ಹೊತ್ತು ಪರಕೀಯನ ಕಣ್ಣನ್ನು ಎರವಲು ಪಡೆಯುವುದು.

ಬದಲಾಗುತ್ತಿರುವ ದಾರಿ

ಇದನ್ನು ಈಗಲೇ ಏಕೆ ಮಾಡಬೇಕೆಂಬ ಪ್ರಶ್ನೆ ಸಹಜ. ಹೊಳಲ್ಕೆರೆಗೆ ಈವರೆಗೆ ಹೊರಗಿನವರನ್ನು ತಂದುಕೊಟ್ಟದ್ದು ಅದರ ಸ್ಥಾನಬಲ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ, ಹಿಂದೆ 13ನೆಯ ಸಂಖ್ಯೆಯದಾಗಿದ್ದ ರಾಷ್ಟ್ರೀಯ ಹೆದ್ದಾರಿ ನಮ್ಮಲ್ಲಿ ಹಾದುಹೋಗುತ್ತಿತ್ತು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಬೀರೂರು ದಾಟಿ ನಮ್ಮ ನಿಲ್ದಾಣದ ಮೂಲಕ ಚಿಕ್ಕಜಾಜೂರು ಜಂಕ್ಷನ್‌ಗೆ, ಅಲ್ಲಿಂದ ದಾವಣಗೆರೆಗೆ ಸಾಗುತ್ತದೆ. ಜನರು ನಮ್ಮನ್ನು ಹುಡುಕಿಕೊಂಡು ಬರಲಿಲ್ಲ. ನಾವು ಅವರ ದಾರಿಯಲ್ಲಿದ್ದೆವು.

ಈ ಸ್ಥಿತಿ ಹೀಗೆಯೇ ಉಳಿಯುವ ಭರವಸೆಯಿಲ್ಲ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಸುಮಾರು 190 ಕಿಲೋಮೀಟರ್ ಉದ್ದದ ನೇರ ರೈಲು ಮಾರ್ಗಕ್ಕೆ 2011-12ರಲ್ಲಿ ಮಂಜೂರಾತಿ ದೊರೆತಿದೆ. ಅದು ಜಿಲ್ಲಾ ಕೇಂದ್ರಕ್ಕೆ ಬಹುಕಾಲದ ಬೇಡಿಕೆಯ ಈಡೇರಿಕೆ; ಸ್ವಾಗತಾರ್ಹವೇ ಸರಿ. ಆದರೆ ಆ ಮಾರ್ಗ ಪೂರ್ಣಗೊಂಡ ಬಳಿಕ ಬೆಂಗಳೂರು–ದಾವಣಗೆರೆ ನಡುವಿನ ಪ್ರಯಾಣಿಕರಿಗೆ ಹೊಳಲ್ಕೆರೆಯನ್ನು ಹಾದುಹೋಗುವ ಅಗತ್ಯವೇ ಇರುವುದಿಲ್ಲ. ರಸ್ತೆಗಳೂ ಅಗಲವಾದಷ್ಟು ವಾಹನಗಳ ವೇಗ ಹೆಚ್ಚಿ, ಚಿಕ್ಕ ಊರುಗಳಲ್ಲಿ ನಿಲ್ಲುವವರು ಕಡಿಮೆಯಾಗುವುದು ಎಲ್ಲೆಡೆಯ ಅನುಭವ. ದಾರಿಯಲ್ಲಿ ಸಿಗುವ ಊರಾಗಿ ಉಳಿಯಲಾಗದಿದ್ದರೆ, ಜನ ಬಯಸಿ ಬರುವ ಊರಾಗಬೇಕು. ಮೂರನೆಯ ಹಾದಿ ನನಗೆ ಕಾಣುತ್ತಿಲ್ಲ. ಬಯಸಿ ಬರುವವರಿಗೆ ದಾರಿ ತೋರಿಸಬೇಕಾದ ನಮಗೇ ಊರು ಗೊತ್ತಿಲ್ಲದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಜನ ಬರುತ್ತಾರೆಯೇ ಎಂಬ ಶಂಕೆಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಅಣೆಕಟ್ಟೆ 1907ರಲ್ಲಿಯೇ ಪೂರ್ಣಗೊಂಡಿತ್ತು. 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಅದು ಕೋಡಿ ಬಿದ್ದಾಗ ಜಿಲ್ಲೆಯ ಜನ ತಂಡೋಪತಂಡವಾಗಿ ಹೋಗಿ ನೋಡಿದರು. ಅಣೆಕಟ್ಟೆ ನೂರು ವರ್ಷಗಳಿಗೂ ಮಿಗಿಲಾಗಿ ಅಲ್ಲಿಯೇ ಇತ್ತು. ನೋಡುವ ಮನಸ್ಸು ಆಗ ಬಂದಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ನಂತರ ಮಹಿಳೆಯರು ಗುಂಪುಗೂಡಿ ಪುಣ್ಯಕ್ಷೇತ್ರಗಳಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿಬರುವುದನ್ನೂ ನಾವು ಕಂಡಿದ್ದೇವೆ.

ಆಕ್ಷೇಪಣೆಗೆ ಸಮಾಧಾನ

"ನಮ್ಮದು ಅಡಿಕೆ, ಕೊಬ್ಬರಿ, ಮೆಕ್ಕೆಜೋಳದ ಸಗಟು ವ್ಯಾಪಾರ. ಎಳನೀರು ಕುಡಿದು ಹೋಗುವ ಪ್ರವಾಸಿಯಿಂದ ನಮಗೇನು ಲಾಭ?" ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ. ಕೇವಲ ಉದಾಹರಣೆಗಾಗಿ, ಪ್ರತಿ ಭಾನುವಾರ 40 ಕಾರುಗಳು ನಿಂತು ತಲಾ 300 ರೂಪಾಯಿ ಖರ್ಚು ಮಾಡುತ್ತವೆಂದು ಇಟ್ಟುಕೊಳ್ಳೋಣ. ದಿನಕ್ಕೆ 12,000 ರೂಪಾಯಿ. 52 ವಾರಗಳಿಗೆ 6,24,000 ರೂಪಾಯಿ. ಒಂದು ಲಾರಿ ಅಡಿಕೆಯ ಮೌಲ್ಯದ ಮುಂದೆ ಇದು ಅಲ್ಪ ಮೊತ್ತವೇ. ಆದರೆ ಈ ಹಣ ಯಾರ ಕೈ ಸೇರುತ್ತದೆ ಎಂಬುದು ಮುಖ್ಯ. ಖಾನಾವಳಿ, ಹೂವು-ಹಣ್ಣಿನ ಅಂಗಡಿ, ಪಂಕ್ಚರ್ ಅಂಗಡಿ, ಬೇಕರಿ, ಆಟೋ ಚಾಲಕರು – ಇವರೇ ನಮ್ಮ ಕಿರಾಣಿ, ಬಟ್ಟೆ, ಕಬ್ಬಿಣದ ಅಂಗಡಿಗಳ ವರ್ಷಪೂರ್ತಿಯ ಗಿರಾಕಿಗಳು. ಅವರ ಕೈಯಲ್ಲಿ ಹಣ ಆಡಿದರೆ ನಮ್ಮ ಉದ್ರಿ ಖಾತೆಗಳೂ ಬೇಗ ತೀರುತ್ತವೆ.

ಅಷ್ಟೇ ಅಲ್ಲ, ನಮ್ಮ ಕಸುಬುಗಳೇ ನೋಡತಕ್ಕವುಗಳಾಗಿವೆ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆಯಾಗಿಸುವ ಕೆಲಸ ನಮಗೆ ದಿನನಿತ್ಯದ್ದು. ಬೆಂಗಳೂರಿನ ಮಕ್ಕಳಿಗೆ ಅದೊಂದು ಅಚ್ಚರಿ. ಕೊಯ್ಲಿನ ಕಾಲದಲ್ಲಿ ಒಂದು ಕಣವನ್ನು ಸಂದರ್ಶಕರಿಗೆ ತೆರೆದಿಡುವುದರಿಂದ ಕೆಲಸಕ್ಕೇನೂ ಅಡ್ಡಿಯಾಗದು.

ವರ್ತಕರ ನಗರವೊಂದರ ಮಾದರಿ

ಈ ಮಾತು ಕೇವಲ ಆದರ್ಶವಲ್ಲವೆಂಬುದಕ್ಕೆ, ವರ್ತಕರ ನಗರವೆಂದೇ ಹೆಸರಾದ ಅಹಮದಾಬಾದ್ ಸಾಕ್ಷಿ. ಅಲ್ಲಿನ ನಗರಪಾಲಿಕೆ 1997ರ ನವೆಂಬರ್‌ನಲ್ಲಿ ಹಳೆಯ ಪೇಟೆಯಲ್ಲಿ ಪಾರಂಪರಿಕ ನಡಿಗೆಯನ್ನು ಆರಂಭಿಸಿತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳ್ ಎಂದು ಕರೆಯಲಾಗುವ ಓಣಿಗಳನ್ನು ಹಾದು ಜಾಮಾ ಮಸೀದಿಯವರೆಗೆ ಬೆಳಗಿನ ಹೊತ್ತು ನಡೆಯುವುದು; ಇಷ್ಟೇ ಆ ಕಾರ್ಯಕ್ರಮ. ಹೊಸ ಕಟ್ಟಡವಿಲ್ಲ, ದೊಡ್ಡ ಬಂಡವಾಳವಿಲ್ಲ. ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಅದೇ ಹಳೆಯ ನಗರವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಳಲ್ಕೆರೆ ಅಹಮದಾಬಾದ್ ಆಗಬೇಕಿಲ್ಲ. ಆದರೆ ಮೊದಲು ಊರಿನವರು ನಡೆದು ನೋಡಬೇಕು, ನಂತರ ಹೊರಗಿನವರನ್ನು ಕರೆಯಬೇಕು ಎಂಬ ಕ್ರಮವನ್ನು ಅಲ್ಲಿಂದ ಕಲಿಯಬಹುದು.

ನಾಲ್ಕು ಭಾನುವಾರಗಳು

ಆದ್ದರಿಂದ ಸದಸ್ಯರಲ್ಲಿ ನನ್ನ ಸಲಹೆ ಇದು. ಮುಂದಿನ ನಾಲ್ಕು ಭಾನುವಾರಗಳನ್ನು ಕುಟುಂಬ ಸಮೇತ ನಮ್ಮ ತಾಲ್ಲೂಕಿಗೆ ಮೀಸಲಿಡೋಣ. ಮೊದಲನೆಯದು ಊರಿಗೆ: ಕಾರನ್ನು ಮನೆಯಲ್ಲೇ ಬಿಟ್ಟು, ಬಸ್ ನಿಲ್ದಾಣದಲ್ಲಿ ಈಗತಾನೆ ಇಳಿದವರಂತೆ ಅಲ್ಲಿಂದ ನಡೆಯುತ್ತಾ ಗಣಪತಿ, ಪೇಟೆ ಬೀದಿ, ಕೆರೆ ಏರಿಯನ್ನು ನೋಡುವುದು. ಎರಡನೆಯದು ರಾಮಗಿರಿಗೆ, ಮೂರನೆಯದು ಮಲ್ಲಾಡಿಹಳ್ಳಿಗೆ, ನಾಲ್ಕನೆಯದು ಹೊರಕೆರೆ ದೇವರಪುರಕ್ಕೆ.

ಕೈಯಲ್ಲಿ ಒಂದು ಪುಸ್ತಕವಿರಲಿ. ದಾರಿ ತೋರುವ ಫಲಕ ಎಲ್ಲಿಲ್ಲ? ಕುಡಿಯುವ ನೀರು ಎಲ್ಲಿ ಸಿಗುತ್ತದೆ? ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯವಿದೆಯೇ? ಹಿಂತಿರುಗಲು ಬಸ್ಸು ಎಷ್ಟು ಹೊತ್ತಿಗೆ? ನೆನಪಿಗಾಗಿ ಕೊಂಡೊಯ್ಯಲು ನಮ್ಮೂರಿನದೇ ಆದ ವಸ್ತುವೇನಿದೆ? ಶಾಸನ, ವೀರಗಲ್ಲು, ಹಳೆಯ ಬಾವಿಗಳು ಕಂಡರೆ ಗುರುತು ಹಾಕಿಕೊಳ್ಳಿ. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಹೇಳುವುದನ್ನು ಬರೆದುಕೊಳ್ಳಿ. ಹಿರಿಯರೊಬ್ಬರು ಕಣ್ಮುಚ್ಚಿದಾಗ ಅವರೊಂದಿಗೆ ಹೋಗುವ ಊರಿನ ಕಥೆಗೆ ನಕಲು ಪ್ರತಿ ಇರುವುದಿಲ್ಲ.

ನಾಲ್ಕು ವಾರಗಳ ನಂತರ ಈ ಪಟ್ಟಿಗಳನ್ನೆಲ್ಲ ವಾಣಿಜ್ಯ ಸಂಸ್ಥೆಯ ಸಭೆಯ ಮುಂದಿಟ್ಟು, ಒಂದೇ ಹಾಳೆಯ ನಕ್ಷೆ-ಕೈಪಿಡಿಯೊಂದನ್ನು ಮುದ್ರಿಸೋಣ. ಅದು ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರಲಿ. ನೀರು, ಶೌಚಾಲಯಗಳ ಕೊರತೆಯನ್ನು ಸ್ಥಳೀಯ ಸಂಸ್ಥೆಯ ಗಮನಕ್ಕೆ ಲಿಖಿತವಾಗಿ ತರೋಣ. ಮಾರ್ಗಸೂಚಿ ಫಲಕಗಳನ್ನು, ಅನುಮತಿ ಪಡೆದು, ವರ್ತಕರೇ ತಮ್ಮ ಸಂಸ್ಥೆಯ ಹೆಸರಿನೊಂದಿಗೆ ಹಾಕಿಸಬಹುದು. ಬಿಲ್ಲು, ವೋಚರುಗಳನ್ನು ಸರಿಯಾಗಿ ಇಟ್ಟುಕೊಂಡರೆ ಅದನ್ನು ಜಾಹೀರಾತು ವೆಚ್ಚವೆಂದು ಲೆಕ್ಕದಲ್ಲಿ ತೋರಿಸಲು ಅವಕಾಶವಿದೆ. ಊರಿನ ಕೆಲಸವೂ ಆಯಿತು, ಅಂಗಡಿಯ ಪ್ರಚಾರವೂ ಆಯಿತು.

ಸರ್ಕಾರದ ಯೋಜನೆಗಾಗಿ ಕಾಯುವ ಅಗತ್ಯ ಇದರಲ್ಲಿ ಯಾವುದಕ್ಕೂ ಇಲ್ಲ. ಬೇಕಾಗಿರುವುದು ನಾಲ್ಕು ರಜಾದಿನಗಳು ಮತ್ತು ಸ್ವಲ್ಪ ಕುತೂಹಲ. ಈ ಲೇಖನವನ್ನು ಓದಿದ ಸದಸ್ಯರು ತಮ್ಮ ಮೊದಲ ಭಾನುವಾರದ ಪಟ್ಟಿಯೊಂದಿಗೆ ಮುಂದಿನ ಮಾಸಿಕ ಸಭೆಗೆ ಬರುವರೆಂದು ಆಶಿಸುತ್ತೇನೆ. ಅಲ್ಲಿಯವರೆಗೆ, ದಾರಿಹೋಕರು ಯಾರಾದರೂ "ಇಲ್ಲಿ ಏನಿದೆ?" ಎಂದು ಕೇಳಿದರೆ, ದುರ್ಗಕ್ಕೆ ಕಳುಹಿಸುವ ಮುನ್ನ ನಮ್ಮ ಊರಿನ ನಾಲ್ಕು ಹೆಸರುಗಳನ್ನಾದರೂ ಹೇಳೋಣ.